ಹಲ್ಲಿಗೊಂದು ದಿನದ ರಜೆ



ಕಾಡುಗೋಡಿಯ ಈ ಉಪನ್ಯಾಸಕ್ಕೆ ದತ್ತಿ ಇರಿಸಿದ ಕುಟುಂಬದವರು ತಮ್ಮ ತಾಯಿಯ ಹೆಸರನ್ನು ವೇದಿಕೆಯಲ್ಲಿ ಹೇಳಬೇಡಿ ಎಂದು ಕೇಳಿಕೊಂಡಿದ್ದಾರೆ. ಆದರೆ ಆ ತಾಯಿಯ ವಿಷಯವಾಗಿ ಅವರು ಹೇಳಿದ ಒಂದು ಸಂಗತಿಯನ್ನು ಹೇಳಲು ಒಪ್ಪಿಗೆ ಪಡೆದಿದ್ದೇನೆ. ಬದುಕಿನ ಕೊನೆಯ 20 ವರ್ಷ ಅವರ ಬಾಯಲ್ಲಿ ದವಡೆ ಹಲ್ಲುಗಳೇ ಇರಲಿಲ್ಲವಂತೆ. ಮನೆಯಲ್ಲಿ ಯಾರಿಗೂ ಅದು ಬಹಳ ಕಾಲ ತಿಳಿಯಲಿಲ್ಲ. ಏಕೆಂದರೆ ಮನೆಯಲ್ಲಿ ಎರಡು ಹೊತ್ತೂ ಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಮದುವೆಮನೆಯಲ್ಲಿ ಚಕ್ಕುಲಿ, ಕೋಡುಬಳೆ ಬಂದಾಗ ಆ ತಾಯಿ ಮೊಮ್ಮಕ್ಕಳಿಗೆ ಕೊಟ್ಟುಬಿಡುತ್ತಿದ್ದರು. ಅದನ್ನು ಎಲ್ಲರೂ ಪ್ರೀತಿ ಎಂದುಕೊಂಡರು. ಪ್ರೀತಿಯೂ ಇತ್ತು. ಹಲ್ಲು ಇಲ್ಲದಿದ್ದುದೂ ನಿಜ.

ನಾನು ಬೆಂಗಳೂರಿನ ಹೊರವಲಯದ ಒಂದು ದಂತ ವೈದ್ಯಕೀಯ ಕಾಲೇಜಿನ ಸಮುದಾಯ ದಂತವೈದ್ಯ ವಿಭಾಗದಲ್ಲಿ 31 ವರ್ಷ ಪಾಠ ಹೇಳಿದವಳು, ಊರೂರು ಸುತ್ತಿ ಬಾಯಿಗಳನ್ನು ನೋಡಿದವಳು. ಈ ಊರಿನ ಬಾಯಿಗಳನ್ನೂ ನೋಡಿದ್ದೇನೆ. ಇಂದಿನ ವಿಷಯ, ಕೈಗೆಟುಕುವ ದಂತ ಚಿಕಿತ್ಸೆ ಎಲ್ಲಿದೆ, ಅದರ ಖರ್ಚಿಗೆ ಯಾರು ಆಸರೆ ಎಂಬುದು. ನಾನು ಹೇಳಬೇಕಾದುದು ಒಂದೇ ಮಾತು. ಅದನ್ನು ನನಗೆ ಕಲಿಸಿದ್ದು ಕಾಡುಗೋಡಿಯ ಒಬ್ಬ ಹೆಣ್ಣುಮಗಳು.

ಆಕೆಗೆ ಆಗ 34 ವರ್ಷ. ಇಲ್ಲೇ ಬಾಡಿಗೆ ಮನೆ, ವೈಟ್‌ಫೀಲ್ಡಿನ ಒಂದು ಕಚೇರಿ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಕೆಲಸ. ಕೆಳದವಡೆಯ ಮೊದಲನೇ ದೊಡ್ಡ ಹಲ್ಲು ಹುಳುಕಾಗಿ ಒಂದು ವಾರದಿಂದ ನಿದ್ದೆಯಿರಲಿಲ್ಲ. ಲವಂಗ ಒತ್ತಿಕೊಂಡು, ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿಕೊಂಡು ಕಾಲ ತಳ್ಳಿದ್ದರು. ಎಕ್ಸ್‌ರೇ ನೋಡಿದೆ. ಹಲ್ಲು ಉಳಿಯುವ ಸ್ಥಿತಿಯಲ್ಲಿತ್ತು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಇನ್ನೂ ಎಷ್ಟೋ ವರ್ಷ ಅಗಿಯಬಹುದು, ನಮ್ಮ ಕಾಲೇಜಿನಲ್ಲಿ ಹೊರಗಿನ ದರದ ಸಣ್ಣ ಪಾಲಷ್ಟೇ ಆಗುತ್ತದೆ, ನಾಲ್ಕು ಸಲ ಬಂದರೆ ಸಾಕು ಎಂದೆ. ಆಕೆ ಕೇಳಿಸಿಕೊಂಡು ಕೈಮುಗಿದರು.

“ಮೇಡಂ, ಕಿತ್ತಾಕ್ಬಿಡಿ. ಇವತ್ತಿಗೇ ಮುಗ್ದೋಗ್ಲಿ. ಇನ್ನೊಂದಿನ ರಜಾ ಕೇಳಕ್ಕಾಗಲ್ಲ.”

ಕಿತ್ತೆವು. 15 ನಿಮಿಷದ ಕೆಲಸ. ಆಮೇಲೆ ನಾನು ಆಕೆಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ. ನಾಲ್ಕು ದಿನದ ಸಂಬಳ ಕಟ್, ಆ ತಿಂಗಳ ಹಾಜರಿ ಬೋನಸ್ ಹೋಯಿತು, ಸೂಪರ್‌ವೈಸರ್ ಕಣ್ಣಿಗೆ ಬಿದ್ದದ್ದು ಬೇರೆ. ನಮ್ಮ ಶುಲ್ಕಕ್ಕಿಂತ ಆ ಮೊತ್ತ ದೊಡ್ಡದಿತ್ತು. ಅಲ್ಲಿಯವರೆಗೆ ನಾನು ಹಲ್ಲಿನ ಚಿಕಿತ್ಸೆಯ ಬೆಲೆಯನ್ನು ರೂಪಾಯಿಯಲ್ಲಿ ಎಣಿಸುತ್ತಿದ್ದೆ. ಕಾಡುಗೋಡಿಯಲ್ಲಿ ಅದನ್ನು ದಿನಗಳಲ್ಲಿ ಎಣಿಸಬೇಕು. ನನ್ನ ಮಾತೆಲ್ಲ ಇಷ್ಟೇ.

ಹಲ್ಲು ಹಾಳಾಗುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದಿನಗಳ ಲೆಕ್ಕ ಅಲ್ಲಿಯೇ ಶುರುವಾಗುತ್ತದೆ. ಹಲ್ಲಿನ ಮೇಲ್ಪದರಕ್ಕೆ, ಎನಾಮೆಲ್ಲಿಗೆ, ನರವಿಲ್ಲ. ನಾವು ತಿಂದ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತವೆ, ಆಮ್ಲ ಆ ಪದರವನ್ನು ಕರಗಿಸುತ್ತದೆ, ಸಣ್ಣ ಕಪ್ಪು ಚುಕ್ಕೆ ಮೂಡುತ್ತದೆ. ಆಗ ನೋವಿಲ್ಲ. ಚಿಕಿತ್ಸೆ ಅತಿ ಅಗ್ಗವಾಗಿರುವುದು ಈ ಹಂತದಲ್ಲೇ. ಒಂದೇ ಭೇಟಿ, ಒಂದು ಫಿಲ್ಲಿಂಗ್. ಎರಡನೇ ಪದರ ಮುಟ್ಟಿದಾಗ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಜನ ಆ ಪಕ್ಕದಲ್ಲಿ ಕುಡಿಯುವುದನ್ನು ಬಿಡುತ್ತಾರೆ. ಒಳಗಿನ ನರದ ಕೋಣೆ ಮುಟ್ಟಿದಾಗ ರಾತ್ರಿ ಮಲಗಿದೊಡನೆ ಬಡಿತ ಶುರು. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುತ್ತದೆ, ಗಟ್ಟಿ ಗೋಡೆಯ ಆ ಪುಟ್ಟ ಕೋಣೆಗೆ ಹಿಗ್ಗಲು ಜಾಗವಿಲ್ಲ. ನಂತರ ಬರುವುದೇ ಅತ್ಯಂತ ಮೋಸದ ಹಂತ. ಒಂದು ಬೆಳಿಗ್ಗೆ ನೋವು ತಾನಾಗಿ ನಿಂತುಹೋಗುತ್ತದೆ. “ವಾಸಿಯಾಯ್ತು” ಎಂದುಕೊಳ್ಳುತ್ತಾರೆ. ವಾಸಿಯಾಗಿಲ್ಲ, ನರ ಸತ್ತಿದೆ. ಕೆಲವು ತಿಂಗಳಲ್ಲಿ ಬೇರಿನ ತುದಿಯಲ್ಲಿ ಕೀವು, ಕೆನ್ನೆ ಊತ, ಜ್ವರ. ದವಡೆಯ ಕೆಳಗೆ ಕತ್ತಿನ ಕಡೆ ಊತ ಇಳಿದು ಉಸಿರಿಗೇ ಅಡ್ಡಿಯಾದವರನ್ನು ನಾನು ನೋಡಿದ್ದೇನೆ. ಅಂಥ ಊತ ಕಂಡರೆ, ಬಾಯಿ ತೆರೆಯಲಾಗದಿದ್ದರೆ, ಎಂಜಲು ನುಂಗಲಾಗದಿದ್ದರೆ, ದಂತ ಕ್ಲಿನಿಕ್ಕನ್ನು ಹುಡುಕುತ್ತಾ ಕೂರಬೇಡಿ. ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ನೋವಿಲ್ಲದ ದಿನ ರಜೆ ಹಾಕಿ ಹಲ್ಲು ತೋರಿಸಿಕೊಳ್ಳುವ ದಿನಗೂಲಿಯವರನ್ನು ನಾನು ಕಂಡಿಲ್ಲ. ನೋವು ಬಂದ ದಿನ ಬರುತ್ತಾರೆ. ಅಷ್ಟರಲ್ಲಿ ಒಂದು ಭೇಟಿಯ ಕೆಲಸ ನಾಲ್ಕು ಭೇಟಿಯದಾಗಿರುತ್ತದೆ. ಹಲ್ಲು ಮತ್ತು ಕಡಲೆಯ ಗಾದೆ ನಿಮಗೆಲ್ಲ ಗೊತ್ತು. ಆ ಗಾದೆಯಲ್ಲಿ ಹಲ್ಲು ಹೋಗುವುದು ಮುಪ್ಪಿನಲ್ಲಿ. ನಾನು ಇಲ್ಲಿ ಕಂಡದ್ದು ಮೂವತ್ತು ದಾಟುವ ಮೊದಲೇ ಒಂದು ಪಕ್ಕ ಅಗಿಯುವುದನ್ನು ಬಿಟ್ಟವರನ್ನು.

ಹಾಗಾದರೆ ಚಿಕಿತ್ಸೆ ಎಲ್ಲಿದೆ? ನಮ್ಮ ಸುತ್ತಲೇ ಇದೆ. ಇಡೀ ದೇಶದಲ್ಲಿ ಅತಿ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯ ನಮ್ಮದು, 40ಕ್ಕೂ ಮೇಲೆ. ಕಾಡುಗೋಡಿಯಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಐದನೇ ನಿಲ್ದಾಣ ನಲ್ಲೂರಹಳ್ಳಿ. ಅದರ ಸಮೀಪದಲ್ಲೇ ವೈದೇಹಿ ಸಂಸ್ಥೆಯ ದಂತ ಕಾಲೇಜಿದೆ. ಅದೇ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಹೋಗಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಚಿಕ್ಕಪೇಟೆ ಆದ ಮೇಲೆ ಕೆ.ಆರ್. ಮಾರುಕಟ್ಟೆ. ಇಳಿದು ನಡೆದರೆ ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ನೆರೆಯಲ್ಲಿ ಸರ್ಕಾರಿ ದಂತ ಕಾಲೇಜು, 1958ರಿಂದ ಇರುವುದು. ಬೊಮ್ಮನಹಳ್ಳಿಯ ಕಡೆ ಆಕ್ಸ್‌ಫರ್ಡ್, ಕುಕ್‌ಟೌನಿನಲ್ಲಿ ಎಂ.ಆರ್. ಅಂಬೇಡ್ಕರ್ ಹೆಸರಿನ ಕಾಲೇಜು, ಪೀಣ್ಯದ ಕಾರ್ಮಿಕರಿಗೆ ಹತ್ತಿರವಾಗಿ ಯಶವಂತಪುರದಲ್ಲಿ ಕೆಎಲ್‌ಇ, ಹೀಗೆ ನಗರದ ಎಲ್ಲ ದಿಕ್ಕಿನಲ್ಲೂ ಇವೆ. ಇಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ, ಆದ್ದರಿಂದ ದರ ಕಡಿಮೆ. ಕಲಿಯುವವರ ಕೈ ಎಂದು ಹೆದರುವವರಿಗೆ ಒಂದು ಮಾತು: ಪ್ರತಿ ಹಂತದಲ್ಲೂ ಹಿರಿಯರು ನೋಡಿ ಸಹಿ ಹಾಕದೆ ಆ ಮಕ್ಕಳು ಮುಂದಿನ ಹಂತಕ್ಕೆ ಹೋಗುವಂತಿಲ್ಲ. ಅಲ್ಲದೆ ಅವರು ಇಂತಿಷ್ಟು ಹಲ್ಲು ತುಂಬಬೇಕು, ಇಂತಿಷ್ಟು ಕೀಳಬೇಕು, ಇಂತಿಷ್ಟು ಸೆಟ್ ಮಾಡಬೇಕು ಎಂಬ ಲೆಕ್ಕ ಇದೆ. ರೋಗಿ ಬರದೆ ವಿದ್ಯಾರ್ಥಿಗಳು ಕಣ್ಣೀರಿಟ್ಟದ್ದನ್ನು ನಾನು ಬಲ್ಲೆ. ಇತ್ತ ಕಾಡುಗೋಡಿಯಲ್ಲಿ ಚಿಕಿತ್ಸೆಯಿಲ್ಲದೆ ಕಣ್ಣೀರು. ಎರಡರ ನಡುವೆ ಇರುವುದು ದೂರ ಅಲ್ಲ, 2023ರಲ್ಲಿ ಮೆಟ್ರೋ ಬಂದ ಮೇಲೆ ಅದು ಕರಗಿತು. ಇರುವುದು ಗಡಿಯಾರ. ಕಾಲೇಜುಗಳ ಹೊರರೋಗಿ ವಿಭಾಗ ನಡೆಯುವುದು ಬೆಳಿಗ್ಗೆ 9ರಿಂದ ಸಂಜೆ 4ರ ಆಸುಪಾಸು. ಅದೇ ಹೊತ್ತು ಕಾಡುಗೋಡಿಯ ಕೆಲಸಗಾರರ ಶಿಫ್ಟು. ಖಾಸಗಿ ಕ್ಲಿನಿಕ್ಕಿನಲ್ಲಿ ಒಂದು ಗಂಟೆಯಲ್ಲಿ ಮುಗಿಯುವುದು ಕಲಿಯುವವರ ಕೈಯಲ್ಲಿ ಅರ್ಧ ದಿನ.

ಗಡಿಯಾರವನ್ನು ಮರೆತ ಈ ತಪ್ಪಿನಲ್ಲಿ ನಾನೂ ಪಾಲುದಾರಳು. ವರ್ಷಗಟ್ಟಲೆ ಶಿಬಿರ ಮಾಡಿದೆ. ಭಾನುವಾರ ಬಂದು ಬಾಯಿ ನೋಡಿ, ಹುಳುಕು ಎಣಿಸಿ, “ಸೋಮವಾರ ಕಾಲೇಜಿಗೆ ಬನ್ನಿ” ಎಂದು ಚೀಟಿ ಕೊಟ್ಟು, ಇಷ್ಟು ಜನರನ್ನು ತಪಾಸಣೆ ಮಾಡಿದೆವು ಎಂದು ವರದಿ ಬರೆದೆ. ಚೀಟಿ ಹಿಡಿದು ಬಂದವರು ಬೆರಳೆಣಿಕೆ. ಜನರಿಗೆ ಅರಿವಿಲ್ಲ ಎಂದು ನಾನು ಆಗ ತರಗತಿಯಲ್ಲಿ ಹೇಳುತ್ತಿದ್ದೆ. ಅವರಿಗೆ ಚೆನ್ನಾಗಿ ಅರಿವಿತ್ತು. ಸೋಮವಾರ ಎಂದರೇನೆಂದು ನನಗೆ ಅರಿವಿರಲಿಲ್ಲ.

ಇನ್ನು ವಿಮೆಯ ವಿಷಯ. ನಮ್ಮ ಆರೋಗ್ಯ ವಿಮೆ ಹಾಸಿಗೆಯ ಸುತ್ತ ಕಟ್ಟಿದ್ದು. ಆಸ್ಪತ್ರೆಗೆ ದಾಖಲಾದರೆ ಹಣ, ಇಲ್ಲವಾದರೆ ಇಲ್ಲ. ಹಲ್ಲಿಗೆ ಯಾರೂ ಹಾಸಿಗೆ ಹಿಡಿಯುವುದಿಲ್ಲ, ಕುರ್ಚಿಯಲ್ಲಿ ಕುಳಿತು ಎದ್ದುಬರುತ್ತೇವೆ. 2020ರ ಏಪ್ರಿಲಿನಿಂದ ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವಿನಿ ಎಂಬ ಮಾದರಿ ಪಾಲಿಸಿಯನ್ನೇ ನೋಡಿ. ಕಾಯಿಲೆ ಅಥವಾ ಪೆಟ್ಟಿನಿಂದ ಆಸ್ಪತ್ರೆಗೆ ಸೇರಲೇಬೇಕಾದ ದಂತ ಚಿಕಿತ್ಸೆಗೆ ಹಣ ಸಿಗುತ್ತದೆ. ಫಿಲ್ಲಿಂಗಿಗೆ, ರೂಟ್ ಕೆನಾಲಿಗೆ, ಕ್ಲೀನಿಂಗಿಗೆ ಸಿಗುವುದಿಲ್ಲ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ಮುಖ್ಯವಾಗಿ ಒಳರೋಗಿಗಳದ್ದೇ. ಬಾಯಿಯ ಕ್ಯಾನ್ಸರಿಗೆ ಅದರಡಿ ಶಸ್ತ್ರಚಿಕಿತ್ಸೆ ಇದೆ, ವಿಕಿರಣ ಚಿಕಿತ್ಸೆ ಇದೆ, ಅದು ಎಷ್ಟೋ ಮನೆಗಳನ್ನು ಉಳಿಸಿದೆ. ಆದರೆ ಆ ಕ್ಯಾನ್ಸರ್ ಇನ್ನೂ ಕೆನ್ನೆಯೊಳಗಿನ ಒಂದು ಬಿಳಿ ಮಚ್ಚೆಯಾಗಿದ್ದಾಗ ಎರಡು ನಿಮಿಷ ಟಾರ್ಚ್ ಹಿಡಿದು ನೋಡುವ ಕೆಲಸಕ್ಕೆ ಯಾವ ಪ್ಯಾಕೇಜೂ ಇಲ್ಲ. ಆ ಕ್ಯಾನ್ಸರಿಗೆ ದಾರಿಯಾಗುವ ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಆದರೂ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯಲ್ಲಿ ಜೊತೆಜೊತೆಗೇ ನೇತಾಡುತ್ತಿವೆ. ಕಟ್ಟಡ ಕೆಲಸದ ಹುಡುಗರಲ್ಲಿ ಬಾಯಿ ಎರಡು ಬೆರಳಿನಷ್ಟೂ ತೆರೆಯದವರನ್ನು ನೋಡಿ ನಾನು ರಾತ್ರಿ ಊಟ ಬಿಟ್ಟದ್ದುಂಟು.

ಈಗ ವೈಟ್‌ಫೀಲ್ಡಿನ ಒಂದೇ ಕಚೇರಿ ಕಟ್ಟಡದೊಳಗೆ ಬನ್ನಿ. ಮೇಲಿನ ಮಹಡಿಯ ಎಂಜಿನಿಯರಿಗೆ ಕಂಪನಿ ಕೊಡಿಸಿದ ಗುಂಪು ವಿಮೆ ಇದೆ. ಕೆಲವೆಡೆ ಹೊರರೋಗಿ ಸೌಲಭ್ಯ ಸೇರಿಸಿ ಹಲ್ಲಿಗೂ ಒಂದಿಷ್ಟು ಸಾವಿರ ಇಟ್ಟಿರುತ್ತಾರೆ. ಆ ಮಹಡಿಯನ್ನು ಒರೆಸುವವರಿಗೆ ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇದೆ. ಮತ್ತು ಕೇಳಿ, ಹಲ್ಲಿನ ಮಟ್ಟಿಗೆ ಕಾಗದದ ಮೇಲೆ ಇಎಸ್ಐಯೇ ಉತ್ತಮ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಓವರ್‌ಟೈಮ್ ಹಣವನ್ನು ಈ ಮಿತಿಗೆ ಲೆಕ್ಕ ಹಿಡಿಯುವುದಿಲ್ಲ. ಕಾರ್ಮಿಕರಿಂದ ಶೇ. 0.75, ಮಾಲೀಕರಿಂದ ಶೇ. 3.25. ಅಂದರೆ 16,000 ಸಂಬಳದವರ ಹೆಸರಿನಲ್ಲಿ ತಿಂಗಳಿಗೆ 640 ರೂಪಾಯಿ, ವರ್ಷಕ್ಕೆ 7,680 ರೂಪಾಯಿ ಕಟ್ಟಲಾಗುತ್ತಿದೆ. ಇದು ದಾನವಲ್ಲ, ನಿಮ್ಮದೇ ಹಣ. ಹೊರರೋಗಿ ಚಿಕಿತ್ಸೆಯೂ ಇದರಲ್ಲಿ ಸೇರಿದೆ, ಹೆಂಡತಿ ಮಕ್ಕಳಿಗೂ, ಅವಲಂಬಿತ ತಂದೆತಾಯಿಗೂ ಇದೆ. ರಾಜಾಜಿನಗರದಂಥ ದೊಡ್ಡ ಇಎಸ್ಐ ಆಸ್ಪತ್ರೆಗಳಲ್ಲಿ ದಂತ ವಿಭಾಗವಿದೆ. ಕಲಬುರಗಿಯಲ್ಲಿ ಇಎಸ್ಐಯದೇ ಒಂದು ದಂತ ಕಾಲೇಜು ಕೂಡ ಇದೆ. ಗುತ್ತಿಗೆದಾರರು ಬದಲಾದಾಗ ಹೊಸ ಸಂಖ್ಯೆ ಮಾಡಿಸಿಕೊಳ್ಳದೆ ಹಳೆಯ ವಿಮಾ ಸಂಖ್ಯೆಯನ್ನೇ ಕೊಡಿ, ಇ-ಪೆಹಚಾನ್ ಕಾರ್ಡು ತೆಗೆಸಿ ಮನೆಯವರ ಹೆಸರು ಸೇರಿಸಿಕೊಳ್ಳಿ. ಇದನ್ನು ಇಲ್ಲಿ ಕುಳಿತ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ದಾಟಿಸಬೇಕೆಂದು ನನ್ನ ಬೇಡಿಕೆ.

ಆದರೆ ಇಲ್ಲಿಯೂ ಅದೇ ದಿನದ ಲೆಕ್ಕ ಕಾಲಿಗೆ ತೊಡರುತ್ತದೆ. ಕಾಯಿಲೆ ಬಿದ್ದವರಿಗೆ ಇಎಸ್ಐ ಸಂಬಳದ ಶೇ. 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಕೊಡುತ್ತದೆ. ದೊಡ್ಡ ಉಪಕಾರ. ಆದರೆ ಮೊದಲ ಎರಡು ದಿನಕ್ಕೆ ಕೊಡುವುದಿಲ್ಲ. 1948ರ ಕಾಯ್ದೆ ಹಾಕಿದ ನಿಯಮ ಅದು. ಟೈಫಾಯಿಡ್ ಬಂದರೆ ಮೂರನೇ ದಿನದಿಂದ ಹಣ ಬರುತ್ತದೆ. ಹಲ್ಲಿಗೆ ಬೇಕಾದುದು ಈ ವಾರ ಒಂದು ದಿನ, ಮುಂದಿನ ವಾರ ಒಂದು ದಿನ. ಹಲ್ಲಿಗಾಗಿ ಹಾಕುವ ರಜೆ ಮೂರನೇ ದಿನಕ್ಕೆ ತಲುಪುವುದೇ ಇಲ್ಲ. ಆ ಹೆಣ್ಣುಮಗಳ ಮಾತಿಗೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಬೇಡ.

ಹಿರಿಯರಿಗೆ ನಮ್ಮ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿದೆ. 2014-15ರಲ್ಲಿ ಆರಂಭವಾದ ದಂತಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಹಲ್ಲು ಸೆಟ್ ಉಚಿತ. ಮೊದಲು 60 ದಾಟಿದವರಿಗಿದ್ದದ್ದನ್ನು ಆಮೇಲೆ ಇನ್ನೂ ಕಡಿಮೆ ವಯಸ್ಸಿನವರಿಗೂ ವಿಸ್ತರಿಸಿದರು. ಇದರ ಬೆಲೆ ತಿಳಿಯಬೇಕಾದರೆ ಇಂಗ್ಲೆಂಡಿನ ಒಂದು ಕಥೆ ನೆನೆಯಬೇಕು. 1948ರ ಜುಲೈನಲ್ಲಿ ಅಲ್ಲಿ ಎಲ್ಲರಿಗೂ ಉಚಿತ ವೈದ್ಯಸೇವೆ ಆರಂಭವಾದಾಗ ಹಲ್ಲು ಸೆಟ್ಟಿಗೆ ಜನ ಮುಗಿಬಿದ್ದರು. ಅಷ್ಟು ಬೊಚ್ಚುಬಾಯಿಗಳು ಆ ಶ್ರೀಮಂತ ದೇಶದಲ್ಲಿದ್ದವು. ಮೂರೇ ವರ್ಷದಲ್ಲಿ, 1951ರಲ್ಲಿ, ಹಣ ಸಾಲದೆಂದು ಸರ್ಕಾರ ಮೊದಲು ಕೈಹಾಕಿದ್ದು ಹಲ್ಲು ಸೆಟ್ ಮತ್ತು ಕನ್ನಡಕಕ್ಕೆ, ಅವಕ್ಕೆ ಶುಲ್ಕ ಹಾಕಿತು. ಆ ಸೇವೆಯನ್ನು ಕಟ್ಟಿದ ಸಚಿವ ಅನೂರಿನ್ ಬೆವನ್ ಅದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಖಜಾನೆ ಬಿಗಿಯಾದಾಗ ಬಡವರ ಬಾಯಿಯೇ ಮೊದಲು ನೆನಪಾಗುತ್ತದೆ. ಆದ್ದರಿಂದ ದಂತಭಾಗ್ಯವನ್ನು ನಾವು ಬಳಸಿ ಉಳಿಸಿಕೊಳ್ಳಬೇಕು. ಒಂದು ಪೂರ್ತಿ ಸೆಟ್ಟಿಗೆ ಅಚ್ಚು ತೆಗೆಯುವುದು, ಮತ್ತೆ ಸೂಕ್ಷ್ಮ ಅಚ್ಚು, ದವಡೆಯ ಅಳತೆ, ಮೇಣದಲ್ಲಿ ಕೂರಿಸಿ ನೋಡುವುದು, ಕೊನೆಗೆ ಹಾಕುವುದು, ಹೀಗೆ ಸುಮಾರು ಐದು ಭೇಟಿ. ಅಜ್ಜನನ್ನು ಕರೆದೊಯ್ಯುವ ಮಗಳಿಗೆ 2023ರಿಂದ ಶಕ್ತಿ ಯೋಜನೆಯ ಬಸ್ಸು ಉಚಿತ. ಆ ಐದು ದಿನದ ಕೂಲಿಯನ್ನು ಮಾತ್ರ ಯಾರೂ ಕೊಡುವುದಿಲ್ಲ. ಎಷ್ಟೋ ಸೆಟ್ಟುಗಳು ಮೇಣದ ಹಂತದಲ್ಲೇ ನಿಂತು, ಹೆಸರು ಬರೆದ ಡಬ್ಬಿಗಳಲ್ಲಿ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಕಾಯುತ್ತಿದ್ದವು.

ಇನ್ನೊಂದು ಸಂಕಟವನ್ನು ಹೇಳದೆ ಬಿಟ್ಟರೆ ಈ ಊರಿಗೆ ಅನ್ಯಾಯವಾಗುತ್ತದೆ. ವೈಟ್‌ಫೀಲ್ಡ್ ಹೆಸರಿನ ರೈಲು ನಿಲ್ದಾಣ ಇರುವುದು ನಮ್ಮ ಕಾಡುಗೋಡಿಯಲ್ಲಿ. ಬಂಗಾರಪೇಟೆ, ಮಾಲೂರು, ಕೆಜಿಎಫ್ ಕಡೆಯಿಂದ ಬೆಳಗಿನ ರೈಲಿನಲ್ಲಿ ಇಳಿಯುವ ಹುಡುಗ ಹುಡುಗಿಯರ ಹಲ್ಲು ನೋಡಿ. ಕೋಲಾರ ಜಿಲ್ಲೆಯ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದೆಂಬುದು ಮಿತಿ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಬಾಲ್ಯದಲ್ಲಿ ಅದನ್ನು ಮೀರಿದ ನೀರು ಕುಡಿದರೆ ಕಂದು ಪಟ್ಟೆ ಬರಬಹುದು. ಅದು ಕೊಳೆಯಲ್ಲ. ಇದ್ದಿಲು, ಉಪ್ಪು, ಇಟ್ಟಿಗೆಪುಡಿ ಹಾಕಿ ಉಜ್ಜಿ ಉಜ್ಜಿ ಹಲ್ಲು ಸವೆಸಿಕೊಂಡು ಬಂದ ಹೆಣ್ಣುಮಕ್ಕಳು ಕೈ ಅಡ್ಡ ಹಿಡಿದು ಮಾತಾಡುತ್ತಿದ್ದರು. ಇಂಟರ್‌ವ್ಯೂನಲ್ಲಿ ನಗಬೇಕಲ್ಲ ಮೇಡಂ ಎನ್ನುತ್ತಿದ್ದರು. ಇದರ ಚಿಕಿತ್ಸೆ ಸೌಂದರ್ಯದ ಲೆಕ್ಕಕ್ಕೆ ಸೇರಿ ವಿಮೆಯಿಂದ ಹೊರಗುಳಿಯುತ್ತದೆ. ನೆಲದ ನೀರು ಕೊಟ್ಟ ಕಲೆಯನ್ನು ಸೌಂದರ್ಯದ ಹಂಬಲವೆಂದು ಬರೆಯುವುದನ್ನು ನಾನು ಒಪ್ಪಲಾರೆ.

ಖಾಸಗಿ ಕ್ಲಿನಿಕ್ಕುಗಳ ಬಗ್ಗೆ ಎರಡು ಮಾತು. ಅವರನ್ನು ದೂರಲು ನಾನು ಬಂದಿಲ್ಲ, ಅಲ್ಲಿರುವವರಲ್ಲಿ ನನ್ನ ವಿದ್ಯಾರ್ಥಿಗಳೇ ಎಷ್ಟೋ ಜನ. ಹೋಪ್ ಫಾರ್ಮ್ ವೃತ್ತದ ಆಸುಪಾಸಿನ ಬಾಡಿಗೆ, ಕುರ್ಚಿಯ ಸಾಲದ ಕಂತು, ಸಾಮಗ್ರಿಯ ಬೆಲೆ ಎಲ್ಲ ಸೇರಿ ಅಲ್ಲಿ ರೂಟ್ ಕೆನಾಲ್ ಮತ್ತು ಕ್ಯಾಪಿಗೆ ಹತ್ತು ಸಾವಿರ ದಾಟುವುದು ಸಾಮಾನ್ಯ. ಅವರು ಸಂಜೆ ತೆರೆದಿರುತ್ತಾರೆ, ಅದೇ ಅವರ ದೊಡ್ಡ ಸೇವೆ. ನೀವು ಕೇಳಬೇಕಾದುದನ್ನು ಕೇಳಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಇಡಬೇಕೆನ್ನುತ್ತದೆ. ಯಾವ ಹಲ್ಲು, ಏನು ಕೆಲಸ, ಒಟ್ಟು ಎಷ್ಟು ಎಂದು ಬರೆಸಿಕೊಳ್ಳಿ. ಈ ಕೆಲಸ ಈ ತಿಂಗಳೇ ಆಗಬೇಕೇ, ಮುಂದಿನ ತಿಂಗಳು ನಡೆಯುತ್ತದೆಯೇ ಎಂದು ಕೇಳಲು ಸಂಕೋಚ ಬೇಡ. ಹಿಂದಿನ ದವಡೆ ಹಲ್ಲಿಗೆ ಲೋಹದ ಕ್ಯಾಪ್ ಸಾಕು, ದುಬಾರಿ ಬಿಳಿ ಕ್ಯಾಪ್ ಯಾರಿಗೂ ಕಾಣುವುದಿಲ್ಲ. ನರಕ್ಕೆ ಕೀವು ತಟ್ಟದ ಹಲ್ಲುಗಳಲ್ಲಿ ರೂಟ್ ಕೆನಾಲನ್ನು ಒಂದೇ ಸಲಕ್ಕೆ ಮುಗಿಸಲೂ ಸಾಧ್ಯ, ಕೇಳಿ ನೋಡಿ. ರಸ್ತೆ ಬದಿಯಲ್ಲಿ ಹಲ್ಲು ಅಂಟಿಸುವವರ ಬಳಿ ಮಾತ್ರ ಹೋಗಬೇಡಿ. ಅವರು ಹಾಕಿದ ಹಲ್ಲು ಬಿಚ್ಚಲು ಬರುವುದಿಲ್ಲ, ಅದರಡಿಯಲ್ಲಿ ಒಳ್ಳೆಯ ಹಲ್ಲುಗಳೂ ಕೊಳೆಯುತ್ತವೆ.

ಆಗಬೇಕಾದುದೇನು? ಬ್ರೆಜಿಲ್ ದೇಶ 2004ರಲ್ಲಿ ‘ನಗುವ ಬ್ರೆಜಿಲ್’ ಎಂಬ ಅರ್ಥದ ಕಾರ್ಯಕ್ರಮ ಆರಂಭಿಸಿ, ಬಡಾವಣೆಯ ಪ್ರಾಥಮಿಕ ಆರೋಗ್ಯ ತಂಡದೊಳಗೇ ದಂತವೈದ್ಯರನ್ನು ಸೇರಿಸಿತು. ನಮ್ಮಲ್ಲಿ ಸರ್ಕಾರ 2022ರ ಡಿಸೆಂಬರಿನಿಂದ ತೆರೆದ ‘ನಮ್ಮ ಕ್ಲಿನಿಕ್’ಗಳ 12 ಸೇವೆಗಳ ಪಟ್ಟಿಯಲ್ಲಿ ಬಾಯಿಯ ಆರೋಗ್ಯವೂ ಇದೆ. ಪಟ್ಟಿಯಲ್ಲಿದ್ದರೆ ಸಾಲದು, ಕುರ್ಚಿ ಬೇಕು. ನಾನು ಕೇಳುವುದು ಬಹಳ ಸಣ್ಣದು: ಕಾಡುಗೋಡಿಯಲ್ಲಿ ಸಂಜೆ 5ರಿಂದ ರಾತ್ರಿ 9ರವರೆಗೆ ಒಂದು ದಂತ ಕುರ್ಚಿ. ಕುರ್ಚಿ ಸರ್ಕಾರದ್ದಾಗಲಿ, ಕೈ ಸುತ್ತಲಿನ ಕಾಲೇಜಿನದಾಗಲಿ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ರೋಗಿಗಳು ಬೇಕು, ಅವರ ಸರದಿ ಹಾಕಬಹುದು. ಹಾಗೆಯೇ ಇಎಸ್ಐಯಲ್ಲಿ ಹಲ್ಲಿಗಾಗಿ ಬರುವವರಿಗೆ ಆ ಎರಡು ದಿನದ ನಿಯಮ ಸಡಿಲವಾಗಲಿ. ಇಲ್ಲಿನ ಕಾರ್ಖಾನೆಗಳ, ಗುತ್ತಿಗೆ ಸಂಸ್ಥೆಗಳ ಮುಖ್ಯಸ್ಥರು ಈ ಸಭೆಯಲ್ಲಿದ್ದರೆ ಕೈಮುಗಿದು ಕೇಳುತ್ತೇನೆ, ದಂತ ಕಾಲೇಜಿನ ಚೀಟಿ ತಂದವರ ಹಾಜರಿ ಬೋನಸ್ ಹಿಡಿಯಬೇಡಿ.

ಕಳೆದ ಸಲ ನಾವು ಈ ಭಾಗದ ಒಂದು ಸರ್ಕಾರಿ ಶಾಲೆಗೆ ಹೋದಾಗ ಚೀಟಿ ಪುಸ್ತಕ ಒಯ್ಯಲಿಲ್ಲ. ಕೈಯಿಂದಲೇ ಹುಳುಕನ್ನು ಕೆರೆದು ತೆಗೆದು, ಫ್ಲೋರೈಡ್ ಬಿಡುವ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟು ತುಂಬುವ ವಿಧಾನವೊಂದಿದೆ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ಕರೆಂಟಿಲ್ಲದ ಊರುಗಳಿಗಾಗಿ ಬೆಳೆದದ್ದು. ಡ್ರಿಲ್ ಬೇಡ, ಬಹುಪಾಲು ಮಕ್ಕಳಿಗೆ ಸೂಜಿಯೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆ ಸಿಮೆಂಟನ್ನು ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಶಾಲೆಯ ಜಗಲಿಯಲ್ಲಿ ಎರಡು ಬೆಂಚು ಜೋಡಿಸಿ ಮಕ್ಕಳನ್ನು ಮಲಗಿಸಿಕೊಂಡೆವು. ಆರನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ದೊಡ್ಡ ಹಲ್ಲನ್ನು ತಂದೆತಾಯಿಯರು ಬಿದ್ದುಹೋಗುವ ಹಲ್ಲೆಂದೇ ತಿಳಿದು ಬಿಟ್ಟುಬಿಡುತ್ತಾರೆ. ಅದು ಬೀಳುವ ಹಲ್ಲಲ್ಲ, ಸಾಯುವವರೆಗೆ ಅದೇ. ಎರಡನೇ ತರಗತಿಯ ಒಬ್ಬ ಹುಡುಗನ ಆ ಹಲ್ಲಿನಲ್ಲಿ ಕಪ್ಪು ಚುಕ್ಕೆಯಿತ್ತು. ಹತ್ತು ನಿಮಿಷದಲ್ಲಿ ತುಂಬಿದೆವು. ಸಂಜೆ ಅವನನ್ನು ಕರೆದೊಯ್ಯಲು ಬಂದವರನ್ನು ನೋಡಿದೆ. ಅದೇ ಹೆಣ್ಣುಮಗಳು, ಹೌಸ್‌ಕೀಪಿಂಗ್ ಸಮವಸ್ತ್ರದ ಮೇಲೆ ಸ್ವೆಟರು ಹಾಕಿಕೊಂಡು ಶಿಫ್ಟು ಮುಗಿಸಿ ನೇರವಾಗಿ ಬಂದಿದ್ದರು.

“ಮತ್ ಯಾವತ್ ಕರ್ಕೊಂಡ್ ಬರ್ಬೇಕು ಮೇಡಂ?” ಎಂದು ಕೇಳಿದರು.

“ಬೇಡಮ್ಮ, ಆಯ್ತು. ಮುಗೀತು” ಎಂದೆ.

ಆಕೆ ನಂಬದೆ ಮಗನ ಗಲ್ಲ ಹಿಡಿದು, ಬೀದಿದೀಪದ ಬೆಳಕಿಗೆ ತಿರುಗಿಸಿ, ಬಾಯಿ ತೆರೆಸಿ ನೋಡಿದರು.